ಫೈಲು 3 ಎಂಬಿ, ಮೆಮೊರಿ 46 ಎಂಬಿ: ಫೋಟೋ ಡಿಕೋಡ್ ಮಾಡುವಾಗ ಏನು ಸೆಟ್ ಮಾಡಬೇಕು?

ಪ್ರಶ್ನೆ: ನಾನು ಕೋಟ್ಲಿನ್‌ನಲ್ಲಿ ಒಂದು ಆಂಡ್ರಾಯ್ಡ್ ಆ್ಯಪ್ ಬರೆಯುತ್ತಿದ್ದೇನೆ. ಬಳಕೆದಾರರು ತಮ್ಮ ಫೋನಿನಲ್ಲಿರುವ ಫೋಟೋಗಳನ್ನು ಮೂರು ಕಾಲಂ ಗ್ರಿಡ್‌ನಲ್ಲಿ ನೋಡಿ, ಬೇಕಾದ್ದನ್ನು ಆರಿಸಿ ಅಪ್‌ಲೋಡ್ ಮಾಡಬೇಕು. ಒಂದೊಂದು ಫೋಟೋ ಸುಮಾರು 3 ಎಂಬಿ. ಸ್ವಲ್ಪ ಸ್ಕ್ರೋಲ್ ಮಾಡುವಷ್ಟರಲ್ಲಿ ಹಳೆಯ ಫೋನುಗಳಲ್ಲಿ ಔಟ್ ಆಫ್ ಮೆಮೊರಿ ಎರರ್ ಬಂದು ಆ್ಯಪ್ ಕ್ರ್ಯಾಶ್ ಆಗುತ್ತದೆ. ಹೊಸ ಫೋನುಗಳಲ್ಲಿ ಎರರ್ ಬರುವುದಿಲ್ಲ. ಆದರೆ ಕ್ಯಾಮೆರಾಗೆ ಹೋಗಿ ವಾಪಸ್ ಬಂದರೆ ಆ್ಯಪ್ ಮೊದಲಿನಿಂದ ಶುರುವಾಗುತ್ತದೆ. ಮ್ಯಾನಿಫೆಸ್ಟ್‌ನಲ್ಲಿ (ಆ್ಯಪ್‌ನ ವಿವರಗಳ ಫೈಲು) ಹೆಚ್ಚು ಮೆಮೊರಿ ಕೇಳುವ ಲಾರ್ಜ್‌ಹೀಪ್ ಹಾಕಿ ನೋಡಿದೆ. ಜೆಪೆಗ್ ಕ್ವಾಲಿಟಿಯನ್ನು 60ಕ್ಕೆ ಇಳಿಸಿ ನೋಡಿದೆ. ಪಿಕ್ಸೆಲ್‌ಗೆ ಕಡಿಮೆ ಬೈಟ್ ಬಳಸುವ ಆರ್‌ಜಿಬಿ_565 ರೂಪವನ್ನೂ ಪ್ರಯತ್ನಿಸಿದೆ. ಕೊನೆಯದರಿಂದ ಸ್ವಲ್ಪ ಉಪಯೋಗವಾಯಿತು, ಆದರೆ ಫೋಟೋದಲ್ಲಿನ ಆಕಾಶ ಪಟ್ಟೆಪಟ್ಟೆಯಾಗಿ ಕಾಣುತ್ತದೆ. ಸರಿಯಾದ ಸೆಟ್ಟಿಂಗ್ ಯಾವುದು?

ಉತ್ತರ: ನೀವು ಮಾಡಿದ ಮೂರು ಪ್ರಯತ್ನಗಳಲ್ಲೂ ಒಂದು ವಿಷಯ ಮಾತ್ರ ಹಾಗೇ ಉಳಿದಿದೆ. ಫೋಟೋದ ಪಿಕ್ಸೆಲ್‌ಗಳ ಸಂಖ್ಯೆ. ನಿಮ್ಮ ಸಮಸ್ಯೆ ಇರುವುದು ಅಲ್ಲೇ. ಪರದೆಯಲ್ಲಿ ಎಷ್ಟು ಜಾಗ ಇದೆಯೋ ಅಷ್ಟೇ ಪಿಕ್ಸೆಲ್‌ಗೆ ಡಿಕೋಡ್ ಮಾಡಿದರೆ ಉಳಿದ ಸೆಟ್ಟಿಂಗ್‌ಗಳಲ್ಲಿ ಹೆಚ್ಚಿನವು ಬೇಕಾಗುವುದೇ ಇಲ್ಲ.

ಮೊದಲು ಲೆಕ್ಕ ನೋಡೋಣ. ಡಿಸ್ಕ್‌ನಲ್ಲಿರುವ ಜೆಪೆಗ್ ಫೈಲು ಕಂಪ್ರೆಸ್ ಆಗಿರುತ್ತದೆ. ಅದನ್ನು ಹಾಗೇ ಪರದೆಯ ಮೇಲೆ ಬಿಡಿಸಲು ಆಗುವುದಿಲ್ಲ. ಡಿಕೋಡರ್ ಅದನ್ನು ಬಿಚ್ಚಿ, ಪ್ರತಿ ಪಿಕ್ಸೆಲ್‌ಗೂ ಬಣ್ಣದ ಬೆಲೆಯನ್ನು ಮೆಮೊರಿಯಲ್ಲಿ ಬರೆಯುತ್ತದೆ. ಹೀಗೆ ಬಿಚ್ಚಿದ ಚಿತ್ರವೇ ಬಿಟ್‌ಮ್ಯಾಪ್. ಆಂಡ್ರಾಯ್ಡ್‌ನಲ್ಲಿ ಮಾಮೂಲಿಯಾಗಿ ಬಳಕೆಯಾಗುವ ಎಆರ್‌ಜಿಬಿ_8888 ರೂಪದಲ್ಲಿ ಒಂದು ಪಿಕ್ಸೆಲ್‌ಗೆ 4 ಬೈಟ್. ನಿಮ್ಮ ಫೋಟೋ 12 ಮೆಗಾಪಿಕ್ಸೆಲ್‌ನದು, ಅಂದರೆ 4000 × 3000 ಅಂತ ಇಟ್ಟುಕೊಳ್ಳಿ. 1 ಕೋಟಿ 20 ಲಕ್ಷ ಪಿಕ್ಸೆಲ್, ಅದರ ನಾಲ್ಕರಷ್ಟು ಅಂದರೆ 4 ಕೋಟಿ 80 ಲಕ್ಷ ಬೈಟ್. ಸುಮಾರು 46 ಎಂಬಿ ಆಯಿತು. ಫೈಲು 3 ಎಂಬಿ ಇದ್ದರೂ 46, 8 ಎಂಬಿ ಇದ್ದರೂ 46. ಈ ಲೆಕ್ಕದಲ್ಲಿ ಫೈಲಿನ ಗಾತ್ರಕ್ಕೆ ಜಾಗವೇ ಇಲ್ಲ. ಕ್ವಾಲಿಟಿಯನ್ನು 60ಕ್ಕೆ ಇಳಿಸಿದಾಗ ಏನೂ ಬದಲಾಗದಿದ್ದುದು ಇದೇ ಕಾರಣಕ್ಕೆ. ಡೇಟಾ ಉಳಿಯಿತು, ಡಿಸ್ಕ್ ಉಳಿಯಿತು, ಮೆಮೊರಿ ಮಾತ್ರ ಇದ್ದ ಹಾಗೇ ಇದೆ.

ಈಗ ನಿಮ್ಮ ಗ್ರಿಡ್‌ಗೆ ಬರೋಣ. ಪರದೆ 1080 × 2400 ಪಿಕ್ಸೆಲ್ ಇದ್ದರೆ ಮೂರು ಕಾಲಂನಲ್ಲಿ ಒಂದೊಂದು ಸೆಲ್ 360 × 360. ಒಂದು ಹೊತ್ತಿಗೆ ಏಳು ಸಾಲು, ಅಂದರೆ 21 ಫೋಟೋ ಕಣ್ಣಿಗೆ ಬೀಳುತ್ತವೆ. ಪೂರ್ತಿ ಗಾತ್ರಕ್ಕೆ ಡಿಕೋಡ್ ಮಾಡಿದರೆ 21 ಫೋಟೋಗೆ ಸುಮಾರು 960 ಎಂಬಿ. ಅದರಲ್ಲಿ ಪರದೆಗೆ ಹೋಗುವುದು ನೂರರಲ್ಲಿ ಒಂದೆರಡು ಪಿಕ್ಸೆಲ್ ಅಷ್ಟೆ. ಉಳಿದದ್ದನ್ನು ಸುಮ್ನೆ ತುಂಬಿಸಿಟ್ಟು, ಬಿಡಿಸುವ ಹೊತ್ತಿಗೆ ಎಸೆಯುತ್ತಿದ್ದೀರಿ.

ಇದಕ್ಕೆ ಪರಿಹಾರ ಆಂಡ್ರಾಯ್ಡ್‌ನ ಡಿಕೋಡ್ ಕ್ಲಾಸ್ ಆದ ಬಿಟ್‌ಮ್ಯಾಪ್‌ಫ್ಯಾಕ್ಟರಿಯಲ್ಲಿ ಮೊದಲಿನಿಂದಲೂ ಇದೆ. ಎರಡು ಹಂತದಲ್ಲಿ ಕೆಲಸ ಮಾಡಬೇಕು. ಮೊದಲ ಹಂತದಲ್ಲಿ ಆಪ್ಷನ್ಸ್‌ನ ಇನ್‌ಜಸ್ಟ್‌ಡಿಕೋಡ್‌ಬೌಂಡ್ಸ್ ಅನ್ನು ಟ್ರೂ ಮಾಡಿ ಡಿಕೋಡ್ ಕರೆಯಿರಿ. ಆಗ ಬಿಟ್‌ಮ್ಯಾಪ್ ಸಿಗುವುದಿಲ್ಲ, ನಲ್ ಬರುತ್ತದೆ. ಆದರೆ ಫೈಲಿನ ಹೆಡರ್ ಓದಿ ಔಟ್‌ವಿಡ್ತ್, ಔಟ್‌ಹೈಟ್ ಎರಡನ್ನೂ ತುಂಬಿಕೊಡುತ್ತದೆ. ಪಿಕ್ಸೆಲ್‌ಗೆ ಅಂತ ಒಂದು ಬೈಟೂ ಖರ್ಚಾಗುವುದಿಲ್ಲ. ಎರಡನೇ ಹಂತದಲ್ಲಿ ಇನ್‌ಸ್ಯಾಂಪಲ್‌ಸೈಜ್ (ಎಷ್ಟು ಪಟ್ಟು ಕುಗ್ಗಿಸಬೇಕು ಅನ್ನುವ ಅಂಕಿ) ಲೆಕ್ಕ ಹಾಕಿ ನಿಜವಾದ ಡಿಕೋಡ್ ಮಾಡಿ. ಇದು 2 ಆದರೆ ಅಗಲ ಅರ್ಧ, ಎತ್ತರ ಅರ್ಧ, ಮೆಮೊರಿ ಕಾಲು ಭಾಗ. 8 ಆದರೆ ಮೆಮೊರಿ 64ರಲ್ಲಿ ಒಂದು ಭಾಗ.

ಲೆಕ್ಕ ಸುಲಭ. ಅಗಲ, ಎತ್ತರ ಎರಡನ್ನೂ ಅರ್ಧ ಮಾಡುತ್ತಾ ಹೋಗಿ. ಇನ್ನೊಂದು ಸಲ ಅರ್ಧ ಮಾಡಿದರೆ ಎರಡರಲ್ಲಿ ಒಂದು ಸೆಲ್‌ಗಿಂತ ಚಿಕ್ಕದಾಗುತ್ತದೆ ಅನ್ನುವಾಗ ನಿಲ್ಲಿಸಿ. ನಿಮ್ಮ ಫೋಟೋಗೆ 8 ಸಿಗುತ್ತದೆ. 500 × 375 ಪಿಕ್ಸೆಲ್, ಮುಕ್ಕಾಲು ಎಂಬಿಗಿಂತ ಸ್ವಲ್ಪ ಕಡಿಮೆ. 21 ಫೋಟೋಗೆ 15 ಎಂಬಿ. 960 ಎಲ್ಲಿ, 15 ಎಲ್ಲಿ! ಕಣ್ಣಿಗೆ ಏನೂ ವ್ಯತ್ಯಾಸ ಕಾಣುವುದಿಲ್ಲ, ಯಾಕೆಂದರೆ ಸೆಲ್‌ಗೆ ಬೇಕಾದ್ದಕ್ಕಿಂತ ಜಾಸ್ತಿ ಪಿಕ್ಸೆಲ್ ಈಗಲೂ ಇವೆ.

ಜೆಪೆಗ್‌ಗೆ ಇದರಿಂದ ಇನ್ನೊಂದು ಲಾಭವಿದೆ. ಜೆಪೆಗ್ ಚಿತ್ರವನ್ನು 8 × 8 ಪಿಕ್ಸೆಲ್‌ನ ಚೌಕಗಳಾಗಿ ಕೂಡಿಡುತ್ತದೆ. ಹೀಗಾಗಿ ಅರ್ಧ, ಕಾಲು, ಎಂಟನೇ ಒಂದು ಅಳತೆಗಳಿಗೆ ಡಿಕೋಡರ್ ನೇರವಾಗಿ ಇಳಿಯಬಲ್ಲದು. ಪೂರ್ತಿ ಚಿತ್ರ ಬಿಚ್ಚಿ ಆಮೇಲೆ ಕುಗ್ಗಿಸುವ ಕೆಲಸ ಇರುವುದಿಲ್ಲ. ಮೆಮೊರಿಯ ಜೊತೆ ಸಮಯವೂ ಉಳಿಯುತ್ತದೆ, ಸ್ಕ್ರೋಲ್ ಹಗುರಾಗುತ್ತದೆ.

ಇಲ್ಲಿ ಜನ ಎಡವುವ ಜಾಗಗಳು ಕೆಲವಿವೆ. ಇನ್‌ಸ್ಯಾಂಪಲ್‌ಸೈಜ್ ಎರಡರ ಘಾತವಾಗಿರಬೇಕು. 7 ಕೊಟ್ಟರೆ ಅದನ್ನು ಕೆಳಗೆ ಇಳಿಸಿ 4 ಅಂತ ತೆಗೆದುಕೊಳ್ಳುತ್ತದೆ. ಅಂದರೆ ನೀವು ಅಂದುಕೊಂಡದ್ದಕ್ಕಿಂತ ಮೂರು ಪಟ್ಟು ಮೆಮೊರಿ ಹೋಗುತ್ತದೆ, ಯಾವ ಎಚ್ಚರಿಕೆಯೂ ಬರುವುದಿಲ್ಲ. ಎರಡನೆಯದು, ಕಂಟೆಂಟ್‌ರಿಸಾಲ್ವರ್‌ನಿಂದ ಪಡೆದ ಇನ್‌ಪುಟ್ ಸ್ಟ್ರೀಮ್ ಅನ್ನು ಬೌಂಡ್ಸ್ ಓದಲು ಬಳಸಿದ ಮೇಲೆ ಅದು ಮುಂದೆ ಹೋಗಿಬಿಟ್ಟಿರುತ್ತದೆ. ಅದೇ ಸ್ಟ್ರೀಮ್ ಅನ್ನು ಎರಡನೇ ಹಂತಕ್ಕೆ ಕೊಟ್ಟರೆ ಬಿಟ್‌ಮ್ಯಾಪ್ ಬದಲು ನಲ್ ಬರಬಹುದು. ಫೋಟೋದ ಯುಆರ್‌ಐಯಿಂದ, ಅಂದರೆ ಅದರ ವಿಳಾಸದಿಂದ, ಸ್ಟ್ರೀಮ್ ಅನ್ನು ಹೊಸದಾಗಿ ತೆರೆಯಿರಿ. ಮೂರನೆಯದು, ವ್ಯೂ ಇನ್ನೂ ಲೇಔಟ್ ಆಗದೇ ಇರುವಾಗ ಅದರ ಅಗಲ ಕೇಳಿದರೆ ಸೊನ್ನೆ ಬರುತ್ತದೆ. ಆಗ ಲೆಕ್ಕವೇ ಕೆಡುತ್ತದೆ. ಗ್ರಿಡ್‌ನಲ್ಲಿ ಪರದೆಯ ಅಗಲವನ್ನು ಕಾಲಂ ಸಂಖ್ಯೆಯಿಂದ ಭಾಗಿಸಿ ಮೊದಲೇ ಇಟ್ಟುಕೊಳ್ಳುವುದು ಒಳ್ಳೆಯದು.

ಫೋಟೋ ತಿರುಗಿ ಕಾಣುವ ವಿಷಯವೂ ಇದಕ್ಕೆ ಸೇರಿದ್ದೇ. ಫೋನನ್ನು ನೆಟ್ಟಗೆ ಹಿಡಿದು ತೆಗೆದ ಫೋಟೋಗಳನ್ನು ಎಷ್ಟೋ ಕ್ಯಾಮೆರಾಗಳು ಅಡ್ಡಡ್ಡವಾಗಿಯೇ ಬರೆದು, ತಿರುಗಿಸಬೇಕು ಅನ್ನುವ ಸೂಚನೆಯನ್ನು ಎಕ್ಸಿಫ್‌ನಲ್ಲಿ, ಅಂದರೆ ಫೈಲಿನೊಳಗೆ ಫೋಟೋದ ವಿವರ ಇರುವ ಭಾಗದಲ್ಲಿ, ಇಡುತ್ತವೆ. ಬಿಟ್‌ಮ್ಯಾಪ್‌ಫ್ಯಾಕ್ಟರಿ ಅದನ್ನು ನೋಡುವುದಿಲ್ಲ. ನೀವೇ ಎಕ್ಸಿಫ್‌ಇಂಟರ್‌ಫೇಸ್‌ನಿಂದ ಓದಿ, ಮ್ಯಾಟ್ರಿಕ್ಸ್ ಬಳಸಿ ತಿರುಗಿಸಬೇಕು. ಹಾಗೆ ತಿರುಗಿಸುವಾಗ ಎರಡನೇ ಬಿಟ್‌ಮ್ಯಾಪ್ ಹುಟ್ಟುತ್ತದೆ, ಸ್ವಲ್ಪ ಹೊತ್ತು ಎರಡೂ ಮೆಮೊರಿಯಲ್ಲಿರುತ್ತವೆ. ಆದ್ದರಿಂದ ಯಾವಾಗಲೂ ಮೊದಲು ಕುಗ್ಗಿಸಿ, ಆಮೇಲೆ ತಿರುಗಿಸಿ. ಪೂರ್ತಿ ಗಾತ್ರದ ಫೋಟೋ ತಿರುಗಿಸಲು ಹೋದರೆ ಒಂದೇ ಏಟಿಗೆ 92 ಎಂಬಿ ಬೇಕು.

ನಿಮ್ಮ ಆ್ಯಪ್ ಆಂಡ್ರಾಯ್ಡ್ 9 ಮತ್ತು ಅದರ ಮೇಲಿನ ಆವೃತ್ತಿಗಳಿಗೆ ಮಾತ್ರ ಅಂತಾದರೆ ಇಮೇಜ್‌ಡಿಕೋಡರ್ ಬಳಸಿ. ನನಗೆ ಇದು ಜಾಸ್ತಿ ಇಷ್ಟ. ಹೆಡರ್ ಓದಿದ ಕೂಡಲೇ ಒಂದು ಲಿಸನರ್ ಕರೆ ಬರುತ್ತದೆ. ಅದರೊಳಗೆ ಸೆಟ್‌ಟಾರ್ಗೆಟ್‌ಸೈಜ್ ಅಂತ ಬೇಕಾದ ಅಳತೆಯನ್ನೇ ಹೇಳಬಹುದು, ಎರಡರ ಘಾತದ ಹಂಗಿಲ್ಲ. ಉದಾಹರಣೆಗೆ ಇದೇ ಫೋಟೋವನ್ನು 1080 ಅಗಲದ ಪರದೆಗೆ ಪೂರ್ತಿ ಅಗಲಕ್ಕೆ ತೋರಿಸಬೇಕು ಅಂದುಕೊಳ್ಳಿ. ಇನ್‌ಸ್ಯಾಂಪಲ್‌ಸೈಜ್‌ನಲ್ಲಿ 4 ಕೊಟ್ಟರೆ 1000 ಪಿಕ್ಸೆಲ್ ಆಗಿ ಸ್ವಲ್ಪ ಸಾಲದು. 2 ಕೊಟ್ಟರೆ 2000 × 1500 ಆಗಿ 11 ಎಂಬಿ ಹೋಗುತ್ತದೆ. ಇಮೇಜ್‌ಡಿಕೋಡರ್‌ಗೆ 1080 × 810 ಅಂತ ಹೇಳಿದರೆ ಕೊನೆಗೆ ಕೈಗೆ ಬರುವ ಬಿಟ್‌ಮ್ಯಾಪ್ 3.3 ಎಂಬಿ. ಎಕ್ಸಿಫ್ ತಿರುಗುವಿಕೆಯನ್ನೂ ಅದೇ ನೋಡಿಕೊಳ್ಳುತ್ತದೆ.

ಆದರೆ ನಿಮ್ಮ ಗ್ರಿಡ್‌ಗೆ ಇದಕ್ಕಿಂತಲೂ ಚಿಕ್ಕ ದಾರಿ ಇದೆ. ಫೋಟೋಗಳು ಫೋನಿನ ಗ್ಯಾಲರಿಯಲ್ಲೇ ಇವೆ, ಅಲ್ವಾ? ಆಂಡ್ರಾಯ್ಡ್ 10ರಿಂದ ಕಂಟೆಂಟ್‌ರಿಸಾಲ್ವರ್‌ನಲ್ಲಿ ಲೋಡ್‌ಥಂಬ್‌ನೇಲ್ ಅನ್ನುವ ಫಂಕ್ಷನ್ ಇದೆ. ಫೋಟೋದ ಯುಆರ್‌ಐ, ಬೇಕಾದ ಅಳತೆ, ಒಂದು ಕ್ಯಾನ್ಸಲೇಷನ್ ಸಿಗ್ನಲ್ ಕೊಟ್ಟರೆ ಆಯಿತು. ಸಿಸ್ಟಮ್ ತಾನು ಮಾಡಿಟ್ಟ ಚಿಕ್ಕ ಚಿತ್ರವನ್ನೇ ಕೊಡಬಹುದು, ಮೂಲ ಫೈಲನ್ನು ನೀವು ಮುಟ್ಟಬೇಕಾಗಿಲ್ಲ. ಬಳಕೆದಾರ ಜೋರಾಗಿ ಸ್ಕ್ರೋಲ್ ಮಾಡಿ ಆ ಸೆಲ್ ಪರದೆ ದಾಟಿ ಹೋದರೆ ಸಿಗ್ನಲ್‌ನಿಂದ ಕೆಲಸ ರದ್ದು ಮಾಡಬಹುದು. ಗ್ರಿಡ್‌ಗೆ ನಾನಾದರೆ ಇದನ್ನೇ ಹಾಕುತ್ತೇನೆ. ಹಳೆಯ ಆವೃತ್ತಿಗಳಿಗೆ ಮಾತ್ರ ಎರಡು ಹಂತದ ಡಿಕೋಡ್ ಉಳಿಸಿಕೊಳ್ಳುತ್ತೇನೆ.

ಇನ್ನು ಲಾರ್ಜ್‌ಹೀಪ್. ಹಳೆಯ ಫೋನಿನಲ್ಲಿ ಎರರ್, ಹೊಸ ಫೋನಿನಲ್ಲಿ ಮೌನ ಯಾಕೆ ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ. ಆಂಡ್ರಾಯ್ಡ್ 3.0ರಿಂದ 7.1ರವರೆಗೆ ಬಿಟ್‌ಮ್ಯಾಪ್‌ನ ಪಿಕ್ಸೆಲ್‌ಗಳು ಜಾವಾ ಹೀಪ್‌ನಲ್ಲಿ, ಅಂದರೆ ಆ್ಯಪ್‌ನ ಕೋಟ್ಲಿನ್, ಜಾವಾ ಆಬ್ಜೆಕ್ಟ್‌ಗಳು ಇರುವ ಮೆಮೊರಿಯಲ್ಲಿ, ಇರುತ್ತಿದ್ದವು. ಪ್ರತಿ ಆ್ಯಪ್‌ನ ಜಾವಾ ಹೀಪ್‌ಗೆ ಒಂದು ಮಿತಿ ಇದೆ. ಆ್ಯಕ್ಟಿವಿಟಿ ಮ್ಯಾನೇಜರ್‌ನ ಗೆಟ್‌ಮೆಮೊರಿಕ್ಲಾಸ್ ಕೇಳಿದರೆ ಆ ಮಿತಿ ಎಷ್ಟು ಎಂಬಿ ಅಂತ ಹೇಳುತ್ತದೆ. ಅದನ್ನು ಮೀರಿದ ಕ್ಷಣ ಔಟ್ ಆಫ್ ಮೆಮೊರಿ ಎರರ್. ಆಂಡ್ರಾಯ್ಡ್ 8.0ರಿಂದ ಪಿಕ್ಸೆಲ್‌ಗಳು ಅದರ ಹೊರಗಿನ ನೇಟಿವ್ ಹೀಪ್‌ಗೆ ಹೋದವು. ಅಲ್ಲಿಗೆ ಜಾವಾ ಹೀಪ್‌ನ ಮಿತಿ ತಾಗುವುದಿಲ್ಲ. ಹಾಗಾಗಿ ನಿಮ್ಮ ಆ್ಯಪ್ ಎರರ್ ಇಲ್ಲದೆ ನೂರಾರು ಎಂಬಿ ತಿನ್ನುತ್ತಾ ಹೋಗುತ್ತದೆ. ಲಾರ್ಜ್‌ಹೀಪ್ ಏರಿಸುವುದು ಜಾವಾ ಹೀಪ್‌ನ ಮಿತಿಯನ್ನು ಮಾತ್ರ. ಆಂಡ್ರಾಯ್ಡ್ 8ರ ನಂತರದ ಫೋನುಗಳಲ್ಲಿ ಬಿಟ್‌ಮ್ಯಾಪ್‌ಗೆ ಅದರಿಂದ ಸಿಗುವುದು ಹೆಚ್ಚೇನಿಲ್ಲ. ಹಳೆಯ ಫೋನುಗಳಲ್ಲಿ ಕ್ರ್ಯಾಶ್ ಸ್ವಲ್ಪ ಹೊತ್ತು ಮುಂದಕ್ಕೆ ಹೋಗುತ್ತದೆ ಅಷ್ಟೆ. ದಯವಿಟ್ಟು ತೆಗೆದುಬಿಡಿ.

ಹೊಸ ಫೋನಿನಲ್ಲಿ ನಡೆಯುತ್ತಿರುವುದು ಇದು. ಕ್ಯಾಮೆರಾ ಆ್ಯಪ್ ತೆರೆದಾಗ ಅದಕ್ಕೆ ಒಮ್ಮೆಲೇ ತುಂಬಾ ಮೆಮೊರಿ ಬೇಕು. ಆಗ ನಿಮ್ಮ ಆ್ಯಪ್ ಹಿನ್ನೆಲೆಯಲ್ಲಿದೆ, ನೂರಾರು ಎಂಬಿ ಹಿಡಿದುಕೊಂಡಿದೆ. ಮೆಮೊರಿ ಸಾಲದಾದಾಗ ಸಿಸ್ಟಮ್ ಹಿನ್ನೆಲೆಯ ಪ್ರೊಸೆಸ್‌ಗಳನ್ನು ಕೊಲ್ಲುತ್ತದೆ, ದೊಡ್ಡದಾಗಿ ಹಿಡಿದವರು ಅದರ ಕಣ್ಣಿಗೆ ಸುಲಭವಾಗಿ ಬೀಳುತ್ತಾರೆ. ಇದಕ್ಕೆ ಎಕ್ಸೆಪ್ಷನ್ ಇಲ್ಲ, ಸ್ಟ್ಯಾಕ್ ಟ್ರೇಸ್ ಇಲ್ಲ. ವಾಪಸ್ ಬಂದಾಗ ಹೊಸ ಪ್ರೊಸೆಸ್ ಶುರುವಾಗಿರುತ್ತದೆ. ಮೆಮೊರಿ ಕಡಿಮೆ ಮಾಡಿದರೆ ಇದು ಅಪರೂಪವಾಗುತ್ತದೆ. ಆದರೆ ಪೂರ್ತಿ ನಿಲ್ಲುತ್ತದೆ ಅಂತ ನಂಬಬೇಡಿ. ಕಡಿಮೆ ರ್‍ಯಾಮ್ ಇರುವ ಫೋನಿನಲ್ಲಿ ಎಷ್ಟೇ ಸಣ್ಣ ಆ್ಯಪ್ ಆದರೂ ಹಿನ್ನೆಲೆಯಲ್ಲಿ ಸಾಯಬಹುದು. ಕ್ಯಾಮೆರಾಗೆ ಕೊಟ್ಟ ಯುಆರ್‌ಐಯನ್ನೂ ಬಳಕೆದಾರ ಆರಿಸಿದ ಫೋಟೋಗಳ ಪಟ್ಟಿಯನ್ನೂ ಪ್ರೊಸೆಸ್ ಸತ್ತರೂ ಉಳಿಯುವ ಸೇವ್ಡ್‌ಸ್ಟೇಟ್‌ಹ್ಯಾಂಡಲ್‌ನಲ್ಲಿ ಇಡಿ. ಯುಆರ್‌ಐ ಮಾತ್ರ ಇಡಿ, ಬಿಟ್‌ಮ್ಯಾಪ್ ಅನ್ನು ಯಾವತ್ತೂ ಅಲ್ಲಿ ಇಡಬೇಡಿ. ಅಲ್ಲಿಟ್ಟದ್ದು ಒಂದು ಬಂಡಲ್ ಆಗಿ ಬೈಂಡರ್ (ಪ್ರೊಸೆಸ್‌ಗಳ ನಡುವೆ ಡೇಟಾ ಸಾಗಿಸುವ ವ್ಯವಸ್ಥೆ) ಮೂಲಕ ಹೋಗುತ್ತದೆ, ಬೈಂಡರ್‌ನ ಬಫರ್ ಇಡೀ ಪ್ರೊಸೆಸ್‌ಗೆ ಸೇರಿ 1 ಎಂಬಿ ಅಷ್ಟೆ.

ಆರ್‌ಜಿಬಿ_565 ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟ: ಅದನ್ನು ಮೊದಲ ಔಷಧಿಯಾಗಿ ಬಳಸಬೇಡಿ. ಕೆಂಪಿಗೆ 5, ಹಸಿರಿಗೆ 6, ನೀಲಿಗೆ 5 ಬಿಟ್ ಸೇರಿ ಪಿಕ್ಸೆಲ್‌ಗೆ 2 ಬೈಟ್. ಮೆಮೊರಿ ಅರ್ಧವಾಗುತ್ತದೆ, ನಿಜ. ಆದರೆ ನೀಲಿಗೆ 256 ಮಟ್ಟಗಳ ಬದಲು 32 ಮಾತ್ರ ಉಳಿಯುತ್ತವೆ. ನಿಧಾನವಾಗಿ ಬಣ್ಣ ಬದಲಾಗುವ ಆಕಾಶದಲ್ಲಿ ಅದು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಮೊದಲೆಲ್ಲ ಇನ್‌ಡಿದರ್ ಅನ್ನುವ ಆಯ್ಕೆ ಈ ಪಟ್ಟೆಗಳನ್ನು ಮಸುಕು ಮಾಡುತ್ತಿತ್ತು, ಆಂಡ್ರಾಯ್ಡ್ 7.0ರಿಂದ ಅದನ್ನು ಸಿಸ್ಟಮ್ ಗಮನಿಸುವುದೇ ಇಲ್ಲ. ಒಮ್ಮೆ ಹೋಲಿಸಿ ನೋಡಿ. 565ರಿಂದ ಅರ್ಧ ಉಳಿಯಿತು, ಬಣ್ಣ ಕೆಟ್ಟಿತು. ಸ್ಯಾಂಪಲ್ 8ರಿಂದ 64 ಪಟ್ಟು ಉಳಿಯಿತು, ಬಣ್ಣ ಹಾಗೇ ಇದೆ. ಪಾರದರ್ಶಕ ಪಿಎನ್‌ಜಿಗೆ ಇದು ಕೆಲಸಕ್ಕೂ ಬರುವುದಿಲ್ಲ, ಯಾಕೆಂದರೆ 565ರಲ್ಲಿ ಆಲ್ಫಾಗೆ ಜಾಗವಿಲ್ಲ. ಇನ್‌ಪ್ರಿಫರ್ಡ್‌ಕಾನ್ಫಿಗ್ ಅನ್ನುವುದು ಹೆಸರೇ ಹೇಳುವಂತೆ ಒಂದು ಕೋರಿಕೆ, ಡಿಕೋಡರ್ ಅದನ್ನು ಪಾಲಿಸದೆಯೂ ಇರಬಹುದು. ಅಳತೆ ಸರಿ ಮಾಡಿದ ಮೇಲೂ ಕಡಿಮೆ ರ್‍ಯಾಮ್ ಫೋನುಗಳಲ್ಲಿ ಕಷ್ಟವಿದ್ದರೆ, ಈಸ್‌ಲೋರ್‍ಯಾಮ್‌ಡಿವೈಸ್ ಟ್ರೂ ಬಂದಾಗ ಮಾತ್ರ ಚಿಕ್ಕ ಥಂಬ್‌ನೇಲ್‌ಗಳಿಗೆ ಹಾಕಿ.

ಅದಕ್ಕಿಂತ ನಿಜಕ್ಕೂ ಕೆಲಸಕ್ಕೆ ಬರುವ ಕಾನ್ಫಿಗ್ ಎಂದರೆ ಹಾರ್ಡ್‌ವೇರ್ ಬಿಟ್‌ಮ್ಯಾಪ್. ಇದು ಆಂಡ್ರಾಯ್ಡ್ 8.0ರಲ್ಲಿ ಬಂತು. ಸಾಮಾನ್ಯ ಬಿಟ್‌ಮ್ಯಾಪ್ ಪರದೆಗೆ ಬರುವಾಗ ಅದರ ಪಿಕ್ಸೆಲ್‌ಗಳನ್ನು ಟೆಕ್ಸ್‌ಚರ್ ಆಗಿ ಜಿಪಿಯುಗೆ ಕಳಿಸಬೇಕು. ಅಂದರೆ ಒಂದೇ ಚಿತ್ರದ ಎರಡು ಪ್ರತಿಗಳು. ಹಾರ್ಡ್‌ವೇರ್ ಬಿಟ್‌ಮ್ಯಾಪ್‌ನಲ್ಲಿ ಪಿಕ್ಸೆಲ್‌ಗಳು ಗ್ರಾಫಿಕ್ಸ್ ಮೆಮೊರಿಯಲ್ಲಿ ಮಾತ್ರ ಇರುತ್ತವೆ. ಬಣ್ಣ ಕೆಡುವುದಿಲ್ಲ, ಒಂದು ಪ್ರತಿ ಉಳಿಯುತ್ತದೆ. ಬದಲಿಗೆ ಅದರ ಮೇಲೆ ಬರೆಯಲು ಆಗುವುದಿಲ್ಲ, ಗೆಟ್‌ಪಿಕ್ಸೆಲ್ ಕರೆದರೆ ಎಕ್ಸೆಪ್ಷನ್, ಸಾಫ್ಟ್‌ವೇರ್ ಕ್ಯಾನ್ವಾಸ್‌ನಲ್ಲಿ ಬಿಡಿಸಿದರೂ ಎಕ್ಸೆಪ್ಷನ್. ಗ್ರಿಡ್‌ಗೆ ಹಾರ್ಡ್‌ವೇರ್ ಸರಿ. ಫೋಟೋ ಕತ್ತರಿಸುವ, ಫಿಲ್ಟರ್ ಹಾಕುವ, ವಾಟರ್‌ಮಾರ್ಕ್ ಬರೆಯುವ ಪರದೆಗೆ ಸಾಫ್ಟ್‌ವೇರ್ ಬೇಕು. ಇಮೇಜ್‌ಡಿಕೋಡರ್ ತಾನಾಗಿ ಹಾರ್ಡ್‌ವೇರ್ ಕೊಡಬಹುದು, ಆದ್ದರಿಂದ ಎಡಿಟ್ ಪರದೆಯಲ್ಲಿ ಅಲೊಕೇಟರ್ ಅನ್ನು ಸಾಫ್ಟ್‌ವೇರ್ ಅಂತ ಬಾಯಿಬಿಟ್ಟು ಹೇಳಿ.

ಒಂದು ಚಿತ್ರದ ಲೆಕ್ಕ ಸರಿಯಾದರೆ ಸಾಲದು, ಒಂದೇ ಹೊತ್ತಿಗೆ ಎಷ್ಟು ಡಿಕೋಡ್ ನಡೆಯುತ್ತವೆ ಅನ್ನುವುದೂ ಮುಖ್ಯ. ಬಹಳ ಜನ ಕೋಟ್ಲಿನ್‌ನ ಡಿಸ್ಪ್ಯಾಚರ್ಸ್ ಐಓದಲ್ಲಿ (ಫೈಲು, ನೆಟ್‌ವರ್ಕ್‌ಗೆ ಕಾಯುವ ಕೆಲಸಗಳ ಥ್ರೆಡ್ ಗುಂಪು) ಡಿಕೋಡ್ ಹಾಕುತ್ತಾರೆ. ಅದರಲ್ಲಿ ಮಾಮೂಲಿಯಾಗಿ 64 ಥ್ರೆಡ್‌ಗಳವರೆಗೆ ಒಟ್ಟಿಗೆ ಓಡಬಹುದು. ಬಳಕೆದಾರ ಒಮ್ಮೆ ಜೋರಾಗಿ ಸ್ಕ್ರೋಲ್ ಮಾಡಿದರೆ ಹತ್ತಾರು ಡಿಕೋಡ್ ಒಟ್ಟಿಗೆ ಶುರುವಾಗುತ್ತವೆ. ಪ್ರತಿಯೊಂದಕ್ಕೂ ತಾತ್ಕಾಲಿಕ ಬಫರ್ ಬೇಕು. ಸರಾಸರಿ ಬಳಕೆ ಚೆನ್ನಾಗಿಯೇ ಕಾಣುತ್ತದೆ, ಆ ಒಂದು ಕ್ಷಣದ ಏರಿಕೆಯಲ್ಲಿ ಆ್ಯಪ್ ಸಾಯುತ್ತದೆ. ಡಿಕೋಡ್ ಸಿಪಿಯು ಕೆಲಸ, ಕಾಯುವ ಕೆಲಸ ಅಲ್ಲ. ಲಿಮಿಟೆಡ್‌ಪ್ಯಾರಲಲಿಸಂ ಬಳಸಿ ಎರಡರಿಂದ ನಾಲ್ಕಕ್ಕೆ ಕಟ್ಟಿಹಾಕಿ. ಸೆಲ್ ಮರೆಯಾದರೆ ಅದರ ಕೊರೂಟಿನ್ ರದ್ದು ಮಾಡಿ. ಇಂಟರ್ನೆಟ್‌ನಿಂದ ಬರುವ ಪ್ರೋಗ್ರೆಸಿವ್ ಜೆಪೆಗ್‌ಗಳಿಗೆ ಇದು ಇನ್ನೂ ಮುಖ್ಯ. ಅವುಗಳ ಮಾಹಿತಿ ಹಲವು ಪದರಗಳಲ್ಲಿ ಬರುತ್ತದೆ. ಹಾಗಾಗಿ ಸ್ಯಾಂಪಲ್‌ಸೈಜ್ ಎಷ್ಟೇ ಇದ್ದರೂ ಡಿಕೋಡರ್ ಇಡೀ ಚಿತ್ರದ ಮಧ್ಯಂತರ ಲೆಕ್ಕವನ್ನು ಸ್ವಲ್ಪ ಹೊತ್ತು ಹಿಡಿದಿರಬೇಕಾಗುತ್ತದೆ.

ಕ್ಯಾಶ್, ಅಂದರೆ ಬಿಚ್ಚಿದ ಚಿತ್ರಗಳನ್ನು ಮತ್ತೆ ಬಳಸಲು ಇಟ್ಟುಕೊಳ್ಳುವ ಜಾಗದ ಬಗ್ಗೆ. ಎಲ್‌ಆರ್‌ಯುಕ್ಯಾಶ್ ಬಳಸುವುದಾದರೆ ಸೈಜ್‌ಆಫ್ ಅನ್ನು ಓವರ್‌ರೈಡ್ ಮಾಡಿ ಬಿಟ್‌ಮ್ಯಾಪ್‌ನ ಅಲೊಕೇಷನ್‌ಬೈಟ್‌ಕೌಂಟ್ ಕೊಡಿ. ಹಾಗೆ ಮಾಡದಿದ್ದರೆ ಅದು ಬೈಟ್ ಬದಲು ಚಿತ್ರಗಳನ್ನು ಎಣಿಸುತ್ತದೆ. ನೂರು ಚಿತ್ರ ಅನ್ನುವ ಮಿತಿಗೆ ಏನೂ ಅರ್ಥವಿಲ್ಲ, ನೂರು ಥಂಬ್‌ನೇಲ್ ಬೇರೆ, ನೂರು ದೊಡ್ಡ ಫೋಟೋ ಬೇರೆ. ಹೀಪ್ ಮಿತಿಯ ಎಂಟನೇ ಒಂದು ಭಾಗ ಅನ್ನುವುದು ಹಳೆಯ ರೂಢಿ, ಶುರು ಮಾಡಲು ಈಗಲೂ ಪರವಾಗಿಲ್ಲ. ಕ್ಯಾಶ್‌ನಲ್ಲಿರುವ ಬಿಟ್‌ಮ್ಯಾಪ್ ಮೇಲೆ ರೀಸೈಕಲ್ ಕರೆಯಬೇಡಿ. ಇನ್ನೊಂದು ವ್ಯೂ ಅದನ್ನು ಬಿಡಿಸುತ್ತಿದ್ದರೆ ಆ್ಯಪ್ ಅಲ್ಲೇ ಬೀಳುತ್ತದೆ. ಆ್ಯಪ್ ಮರೆಯಾದಾಗ ಆನ್‌ಟ್ರಿಮ್‌ಮೆಮೊರಿಯಲ್ಲಿ ಯುಐ_ಹಿಡನ್ ಮಟ್ಟ ಬರುತ್ತದೆ, ಆಗ ಕ್ಯಾಶ್ ಅನ್ನು ಅರ್ಧಕ್ಕೆ ಇಳಿಸಿ ಅಥವಾ ಪೂರ್ತಿ ಖಾಲಿ ಮಾಡಿ. ಕ್ಯಾಮೆರಾ ಸಮಸ್ಯೆಗೆ ಇದು ನೇರ ಸಹಾಯ. ಆ್ಯಪ್ ಮುಂದೆ ಇರುವಾಗ ಬರುತ್ತಿದ್ದ ರನ್ನಿಂಗ್_ಲೋ ಥರದ ಎಚ್ಚರಿಕೆಗಳನ್ನು ಮಾತ್ರ ನೆಚ್ಚಬೇಡಿ, ಆಂಡ್ರಾಯ್ಡ್ 14ರಿಂದ ಅವು ಬರುವುದಿಲ್ಲ. ಇನ್‌ಬಿಟ್‌ಮ್ಯಾಪ್ ಬಳಸಿ ಹಳೆಯ ಮೆಮೊರಿಯನ್ನೇ ಮತ್ತೆ ಬಳಸುವ ದಾರಿಯೂ ಇದೆ. ಕೈಯಾರೆ ಮಾಡಲು ಹೋಗಬೇಡಿ, ಅದರ ಲಾಭಕ್ಕಿಂತ ತಪ್ಪುಗಳೇ ಜಾಸ್ತಿ.

ಇಷ್ಟೆಲ್ಲ ಓದಿದ ಮೇಲೆ ಗ್ಲೈಡ್ ಅಥವಾ ಕಾಯಿಲ್ ಥರದ ಲೈಬ್ರರಿ ಹಾಕಿದರೆ ಸಾಕಲ್ಲವೇ ಅಂತ ನೀವು ಕೇಳಬಹುದು. ಹೌದು, ಹಾಕಿ. ಡಿಕೋಡ್ ಅಳತೆ, ಕ್ಯಾಶ್, ರದ್ದತಿ ಎಲ್ಲವನ್ನೂ ಅವು ಚೆನ್ನಾಗಿ ಮಾಡುತ್ತವೆ. ಆದರೆ ಅವುಗಳಿಗೂ ಅಳತೆ ಗೊತ್ತಾಗಬೇಕು. ಗ್ಲೈಡ್‌ನಲ್ಲಿ ಇಮೇಜ್‌ವ್ಯೂ ವ್ರ್ಯಾಪ್_ಕಂಟೆಂಟ್ ಆಗಿದ್ದರೆ ಅದು ಪರದೆಯ ಅಳತೆಯನ್ನೇ ಹಿಡಿಯುತ್ತದೆ. ಚಿಕ್ಕ ಐಕಾನ್‌ಗೂ ಪರದೆಯಷ್ಟು ಚಿತ್ರ! ಅಲ್ಲಿ ಓವರ್‌ರೈಡ್‌ನಿಂದ ಅಗಲ, ಎತ್ತರ ಹೇಳಿ. ಪಿಕಾಸೋದಲ್ಲಿ ಫಿಟ್ ಅಥವಾ ರಿಸೈಜ್ ಕರೆಯದಿದ್ದರೆ ಪೂರ್ತಿ ಗಾತ್ರಕ್ಕೇ ಡಿಕೋಡ್ ಆಗುತ್ತದೆ. ಕಂಪೋಸ್‌ನಲ್ಲಿ (ಆಂಡ್ರಾಯ್ಡ್‌ನ ಯುಐ ಟೂಲ್‌ಕಿಟ್) ಕಾಯಿಲ್‌ನ ಎಸಿಂಕ್‌ಇಮೇಜ್ ತನ್ನ ಜಾಗದ ಅಳತೆಯನ್ನು ತಾನೇ ನೋಡಿಕೊಳ್ಳುತ್ತದೆ, ರಿಮೆಂಬರ್‌ಎಸಿಂಕ್‌ಇಮೇಜ್‌ಪೇಂಟರ್ ಹಾಗೆ ನೋಡುವುದಿಲ್ಲ. ಲೈಬ್ರರಿ ಹಾಕಿಯೂ ಮೆಮೊರಿ ಏರುತ್ತಿದೆ ಅನ್ನುವವರ ಕೋಡ್‌ನಲ್ಲಿ ನಾನು ಮೊದಲು ಹುಡುಕುವುದು ಇವನ್ನೇ.

ಇನ್ನೊಂದು ಜಾಗ ಯಾರ ಕಣ್ಣಿಗೂ ಬೀಳುವುದಿಲ್ಲ: ಆ್ಯಪ್‌ನ ಒಳಗೇ ಇರುವ ಚಿತ್ರಗಳು, ಅಂದರೆ ಡ್ರಾಯಬಲ್‌ಗಳು. ಹೆಸರಿನಲ್ಲಿ ಡೆನ್ಸಿಟಿ ಸೂಚನೆ ಇಲ್ಲದ ಡ್ರಾಯಬಲ್ ಫೋಲ್ಡರ್ ಎಂದರೆ ಎಂಡಿಪಿಐ, 160 ಡಿಪಿಐ. ಅಲ್ಲಿ 1200 × 800ರ ಹಿನ್ನೆಲೆ ಚಿತ್ರ ಇಟ್ಟರೆ, 480 ಡಿಪಿಐ ಫೋನಿನಲ್ಲಿ ಸಿಸ್ಟಮ್ ಅದನ್ನು ಮೂರು ಪಟ್ಟು ಹಿಗ್ಗಿಸಿ 3600 × 2400 ಮಾಡುತ್ತದೆ. 3.7 ಎಂಬಿ ಇರಬೇಕಾದ್ದು 33 ಎಂಬಿ. ಒಂದು ಪಿಕ್ಸೆಲ್ ಮಾಹಿತಿಯೂ ಹೊಸದಾಗಿ ಸೇರಿಲ್ಲ. ಇಂಥ ಚಿತ್ರಗಳನ್ನು ಡ್ರಾಯಬಲ್-ನೋಡಿಪಿಐ ಫೋಲ್ಡರ್‌ಗೆ ಹಾಕಿ, ಇಲ್ಲವೇ ಸರಿಯಾದ ಡೆನ್ಸಿಟಿ ಫೋಲ್ಡರ್‌ನಲ್ಲಿಡಿ.

ಆರಿಸಿದ ಫೋಟೋವನ್ನು ಪೂರ್ತಿ ಪರದೆಯಲ್ಲಿ ತೆರೆದು ಝೂಮ್ ಮಾಡುವ ಸೌಲಭ್ಯ ಇದ್ದರೆ ಅಲ್ಲೂ ಇದೇ ನಿಯಮ. 50 ಮೆಗಾಪಿಕ್ಸೆಲ್ ಫೋಟೋ ಪೂರ್ತಿ ಬಿಚ್ಚಿದರೆ 190 ಎಂಬಿ ಆಗುತ್ತದೆ. ಮೆಮೊರಿ ಸಿಕ್ಕರೂ ಪರದೆಯ ಮೇಲೆ ಬರುವುದಿಲ್ಲ, ಯಾಕೆಂದರೆ 100 ಎಂಬಿಗಿಂತ ದೊಡ್ಡ ಬಿಟ್‌ಮ್ಯಾಪ್ ಬಿಡಿಸಲು ಹೋದರೆ ಆಂಡ್ರಾಯ್ಡ್‌ನ ಕ್ಯಾನ್ವಾಸ್ ಎಕ್ಸೆಪ್ಷನ್ ಎಸೆಯುತ್ತದೆ. ಮೊದಲು ಪರದೆಯ ಅಳತೆಗೆ ಒಂದು ಚಿತ್ರ ತೋರಿಸಿ. ಝೂಮ್ ಮಾಡಿದಾಗ ಬಿಟ್‌ಮ್ಯಾಪ್‌ರೀಜನ್‌ಡಿಕೋಡರ್‌ನಿಂದ ಕಾಣುವ ಭಾಗವನ್ನು ಮಾತ್ರ ಬಿಚ್ಚಿ. 512 × 512ರ ಒಂದು ತುಂಡಿಗೆ ಸರಿಯಾಗಿ 1 ಎಂಬಿ.

ಅಪ್‌ಲೋಡ್‌ಗೆ ಕೂಡ ಕ್ವಾಲಿಟಿ ಇಳಿಸುವ ಮೊದಲು ಅಳತೆ ಇಳಿಸಿ. ಸರ್ವರ್‌ಗೆ 2000 ಪಿಕ್ಸೆಲ್ ಅಗಲ ಸಾಕು ಅಂತಿದ್ದರೆ ಸ್ಯಾಂಪಲ್ 2ರಲ್ಲಿ ಡಿಕೋಡ್ ಮಾಡಿ, 80ರ ಆಸುಪಾಸಿನ ಕ್ವಾಲಿಟಿಯಲ್ಲಿ ಕಂಪ್ರೆಸ್ ಮಾಡಿ. 60ಕ್ಕಿಂತ ನೋಡಲು ಚೆನ್ನಾಗಿರುತ್ತದೆ. ಮೂಲ ಫೈಲೇ ಬೇಕು ಅಂತಿದ್ದರೆ ಡಿಕೋಡ್ ಮಾಡುವ ಅಗತ್ಯವೇ ಇಲ್ಲ, ಸ್ಟ್ರೀಮ್ ಅನ್ನು ಹಾಗೇ ಕಳಿಸಿ.

ಇದೇ ಆ್ಯಪ್ ಅನ್ನು ಮುಂದೆ ಬೇರೆ ಕಡೆ ಬರೆಯುವುದಿದ್ದರೆ: ಐಓಎಸ್‌ನಲ್ಲಿ ಯುಐಇಮೇಜ್ ತೆರೆದು ಆಮೇಲೆ ಕುಗ್ಗಿಸಬೇಡಿ. ಇಮೇಜ್‌ಐಓದ ಥಂಬ್‌ನೇಲ್ ಫಂಕ್ಷನ್‌ಗೆ ಗರಿಷ್ಠ ಪಿಕ್ಸೆಲ್ ಅಳತೆ ಕೊಟ್ಟು ಚಿಕ್ಕದಾಗಿಯೇ ಪಡೆಯಿರಿ. ಫ್ಲಟರ್‌ನಲ್ಲಿ ಕ್ಯಾಶ್‌ವಿಡ್ತ್ ಅಥವಾ ಕ್ಯಾಶ್‌ಹೈಟ್ ಕೊಡಿ. ಅದು ನಿಜವಾದ ಪಿಕ್ಸೆಲ್‌ನಲ್ಲಿರಬೇಕು, ಅಂದರೆ ವಿಜೆಟ್‌ನ ಅಗಲವನ್ನು ಡಿವೈಸ್ ಪಿಕ್ಸೆಲ್ ರೇಶಿಯೋದಿಂದ ಗುಣಿಸಿ. ಎರಡರಲ್ಲಿ ಒಂದನ್ನು ಮಾತ್ರ ಕೊಟ್ಟರೆ ಆಕಾರ ಕೆಡುವುದಿಲ್ಲ.

ಬದಲಾವಣೆ ಮಾಡುವ ಮೊದಲು ಒಮ್ಮೆ, ಆಮೇಲೆ ಒಮ್ಮೆ ಅಳೆಯಿರಿ. ಎಡಿಬಿ ಶೆಲ್‌ನಲ್ಲಿ ಡಂಪ್‌ಸಿಸ್ ಮೆಮ್‌ಇನ್ಫೋ ಜೊತೆ ನಿಮ್ಮ ಪ್ಯಾಕೇಜ್ ಹೆಸರು ಕೊಟ್ಟರೆ ಪಟ್ಟಿ ಬರುತ್ತದೆ. ನೇಟಿವ್ ಹೀಪ್, ಗ್ರಾಫಿಕ್ಸ್, ಒಟ್ಟು ಪಿಎಸ್‌ಎಸ್ (ಆ್ಯಪ್‌ನ ಪಾಲಿಗೆ ಬರುವ ಒಟ್ಟು ಮೆಮೊರಿ) ಈ ಮೂರು ಸಾಲು ನೋಡಿ. ಜಾವಾ ಹೀಪ್ ಮಾತ್ರ ನೋಡಿದರೆ ಆಂಡ್ರಾಯ್ಡ್ 8ರ ಮೇಲಿನ ಫೋನಿನಲ್ಲಿ ಪಿಕ್ಸೆಲ್‌ಗಳು ಕಾಣಿಸುವುದೇ ಇಲ್ಲ. ಹಾರ್ಡ್‌ವೇರ್ ಬಿಟ್‌ಮ್ಯಾಪ್‌ಗೆ ಬದಲಾಯಿಸಿದಾಗ ನೇಟಿವ್ ಹೀಪ್ ಇಳಿದು ಗ್ರಾಫಿಕ್ಸ್ ಏರುತ್ತದೆ, ಅದನ್ನು ಪೂರ್ತಿ ಉಳಿತಾಯ ಅಂತ ತಿಳಿಯಬೇಡಿ. ಬಳಕೆದಾರರ ಫೋನಿನಲ್ಲಿ ಏನಾಯಿತು ಅಂತ ತಿಳಿಯಲು ಆಂಡ್ರಾಯ್ಡ್ 11ರಿಂದ ಅಪ್ಲಿಕೇಷನ್‌ಎಕ್ಸಿಟ್‌ಇನ್ಫೋ ಇದೆ. ಆ್ಯಪ್ ಮತ್ತೆ ತೆರೆದಾಗ ಹಿಂದಿನ ಸಾವಿನ ಕಾರಣ ಓದಬಹುದು. ಅದರಲ್ಲಿ ರೀಸನ್_ಲೋ_ಮೆಮೊರಿ ಬಂದರೆ ನಿಮ್ಮ ಕ್ಯಾಮೆರಾ ಪ್ರಕರಣ ಖಚಿತ. ಎಲ್ಲ ಫೋನುಗಳೂ ಆ ಕಾರಣವನ್ನು ತಿಳಿಸುವುದಿಲ್ಲ, ಹಾಗಾಗಿ ಈಸ್‌ಲೋಮೆಮೊರಿಕಿಲ್‌ರಿಪೋರ್ಟ್‌ಸಪೋರ್ಟೆಡ್ ಕೇಳಿ ನೋಡಿಕೊಳ್ಳಿ.

ಗ್ರಿಡ್ ತೆರೆಯಿರಿ, ಕೆಳಗಿನವರೆಗೆ ಸ್ಕ್ರೋಲ್ ಮಾಡಿ, ಹಿಂದಕ್ಕೆ ಹೋಗಿ, ಮತ್ತೆ ತೆರೆಯಿರಿ. ಹೀಗೆ ಕೆಲವು ಸಲ ಮಾಡಿದಾಗ ಅಂಕಿ ಒಂದು ಮಟ್ಟದಲ್ಲಿ ನಿಲ್ಲಬೇಕು. ಪ್ರತಿ ಸಲವೂ ಏರುತ್ತಲೇ ಇದ್ದರೆ ಅದು ಡಿಕೋಡ್ ಸೆಟ್ಟಿಂಗ್‌ನ ತಪ್ಪಲ್ಲ, ಸೋರಿಕೆ. ಅಡಾಪ್ಟರ್, ವ್ಯೂಮಾಡೆಲ್ ಅಥವಾ ಯಾವುದೋ ಸ್ಟ್ಯಾಟಿಕ್ ಪಟ್ಟಿ ಬಿಟ್‌ಮ್ಯಾಪ್ ಅಥವಾ ಇಡೀ ಆ್ಯಕ್ಟಿವಿಟಿಯನ್ನು ಹಿಡಿದುಕೊಂಡಿರುತ್ತದೆ. ಡಿಬಗ್ ಬಿಲ್ಡ್‌ಗೆ ಸೋರಿಕೆ ಹುಡುಕುವ ಲೀಕ್‌ಕ್ಯಾನರಿ ಲೈಬ್ರರಿ ಸೇರಿಸಿ. ಹಾಗೆ ಉಳಿದುಬಿಟ್ಟ ಆ್ಯಕ್ಟಿವಿಟಿ, ವ್ಯೂಮಾಡೆಲ್‌ಗಳನ್ನು ಯಾರು ಹಿಡಿದಿದ್ದಾರೆ ಅನ್ನುವ ಸರಪಳಿಯನ್ನು ಅದು ತೋರಿಸುತ್ತದೆ. ಸ್ಟ್ಯಾಟಿಕ್ ಪಟ್ಟಿಯಲ್ಲಿ ಸೇರಿಕೊಂಡ ಬಿಟ್‌ಮ್ಯಾಪ್‌ಗಳನ್ನು ಮಾತ್ರ ಆಂಡ್ರಾಯ್ಡ್ ಸ್ಟುಡಿಯೋದ ಹೀಪ್ ಡಂಪ್‌ನಲ್ಲಿ ನೀವೇ ಹುಡುಕಬೇಕು.